ಬದರುನ್ನೀಸಾ ನಂದಿಬೆಟ್ಟ ಹತ್ತಿದ್ದು

ಯಲಹಂಕದ ಹಳೇ ಊರಿನ ಬದರುನ್ನೀಸಾಳಿಗೆ ನಂದಿಬೆಟ್ಟದ ವಿಷಯ ಗೊತ್ತಿದ್ದಷ್ಟು ಆ ಬೆಟ್ಟಕ್ಕಾದರೂ ಗೊತ್ತಿತ್ತೋ ಇಲ್ಲವೋ. ಟಿಪ್ಪು ಡ್ರಾಪಿನಲ್ಲಿ ಗಾಳಿ ಎಷ್ಟು ಜೋರೆಂದರೆ ಕೆಳಗೆಸೆದ ಕರ್ಚೀಫು ತಿರುಗಿ ಎಸೆದವನ ಕೈಗೇ ಬರುತ್ತದೆ. ಅಮೃತ ಸರೋವರದ ನೀರು ಗಿಣಿಹಸಿರು. ಮಂಜು ಕವಿದರೆ ಚಾಚಿದ ಕೈ ತನಗೇ ಕಾಣದು. ಮೇಲಿನಿಂದ ನೋಡಿದರೆ ಊರುಗಳೆಲ್ಲ ಮೊರದಲ್ಲಿ ಹರಡಿದ ರಾಗಿಯ ಹಾಗೆ. ಇಷ್ಟೆಲ್ಲ ಬಲ್ಲವಳು ವಯಸ್ಸು ಮೂವತ್ತೈದು ದಾಟಿದರೂ ಆ ಬೆಟ್ಟದ ಮೊದಲ ತಿರುವನ್ನೂ ಕಂಡಿರಲಿಲ್ಲ.

ಇದನ್ನೆಲ್ಲ ಹೇಳುತ್ತಿದ್ದವನು ಗಂಡ ಗಯಾಸ್. ಮೊದಲು ಯಶವಂತಪುರದ ಮಾರ್ಕೆಟ್ಟಿಗೆ ಲಾರಿ ಹೊಡೆಯುತ್ತಿದ್ದವನು ಮಗಳು ಮಲ್ಕಾ ಹುಟ್ಟಿದ ಮೇಲೆ ಹಳೆಯ ಮೆಟಡೋರ್ ವ್ಯಾನೊಂದನ್ನು ಕೊಂಡು, ಅದರ ಹಣೆಯ ಮೇಲೆ ಮಗಳ ಹೆಸರು ಬರೆಸಿ, ಕಾಲೇಜು ಹುಡುಗರನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯುವ ಕಸುಬು ಹಿಡಿದ. ಬೆಳಗ್ಗೆ ದೇವನಹಳ್ಳಿ ಕೋಟೆ, ಆಮೇಲೆ ಬೆಟ್ಟದ ಬುಡದ ಭೋಗನಂದೀಶ್ವರನ ಗುಡಿ, ಊಟದ ಹೊತ್ತಿಗೆ ನಂದಿಬೆಟ್ಟ, ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಒಮ್ಮೊಮ್ಮೆ ಶಿವಗಂಗೆ, ಒಮ್ಮೊಮ್ಮೆ ಸಾವನದುರ್ಗ. ದೆಹಲಿಯಿಂದಲೋ ಮುಂಬಯಿಯಿಂದಲೋ ನೆಂಟರು ಬಂದರೆ ಆರ್.ಟಿ. ನಗರದ ಸಾಹೇಬರುಗಳೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಏಕೆಂದರೆ ಗಯಾಸನ ವ್ಯಾನಿನಲ್ಲಿ ಹೋದರೆ ಊಟ ಅವನದೇ.

ಊಟ ಅವನದು ಎನ್ನುವುದು ಮಾತಿಗೆ. ಮಾಡುವವರು ಇಬ್ಬರು ಹೆಂಗಸರು. ಮಾಂಸ ತಿನ್ನುವವರಿಗೆ ಬದರುನ್ನೀಸಾಳ ಬಿರಿಯಾನಿ. ತಿನ್ನದವರಿಗೆ ಪಕ್ಕದ ಮನೆಯ ಗಂಗರತ್ನಮ್ಮನ ವಾಂಗೀಬಾತು. ಗಂಗರತ್ನಮ್ಮ ಲಿಂಗವಂತರ ಹೆಣ್ಣುಮಗಳು, ಗಂಡನಿಲ್ಲದವಳು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಎರಡು ಮನೆಗೂ ನಡುವೆ ಒಂದೇ ಉದ್ದನೆಯ ಜಗಲಿ. ಪ್ರವಾಸದ ದಿನ ಮುಂಜಾನೆ ಇಬ್ಬರೂ ತಮ್ಮ ತಮ್ಮ ಡೇಗ್ಚಿಗಳನ್ನು, ಅಂದರೆ ದೊಡ್ಡ ಅಡುಗೆಪಾತ್ರೆಗಳನ್ನು, ಆ ಜಗಲಿಯ ಮೇಲೆ ತಂದಿಡಬೇಕು, ಗಯಾಸ್ ಎತ್ತಿ ವ್ಯಾನಿಗೆ ಹಾಕಬೇಕು. ಡೇಗ್ಚಿಗಳೆಲ್ಲ ಶಿವಾಜಿನಗರದ ಒಂದೇ ಅಂಗಡಿಯವು, ಅಕ್ಕತಂಗಿಯರ ಹಾಗೆ ಒಂದೇ ರೂಪ. ಗುರುತು ಹಿಡಿಯುವುದು ಹೇಗೆ? ಗಂಗರತ್ನಮ್ಮ ಪೂಜೆ ಮುಗಿಸಿ ಎದ್ದವಳು ತನ್ನ ಪಾತ್ರೆಯ ಮುಚ್ಚಳದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಳು. ವಿಭೂತಿಯ ಪಾತ್ರೆ ಮುಂದಿನ ಸೀಟಿನಲ್ಲಿ ಗಯಾಸನ ಪಕ್ಕ ಕೂರಬೇಕು, ಇನ್ನೊಂದು ಹಿಂದೆ. ಒಂದಕ್ಕೊಂದು ತಾಗಕೂಡದು. ಇದು ಅವಳ ಕಾನೂನು, ಅಷ್ಟು ವರ್ಷದಲ್ಲಿ ಒಮ್ಮೆಯೂ ಮುರಿದಿರಲಿಲ್ಲ.

ಬದರುನ್ನೀಸಾ ಹುಟ್ಟಿದ್ದು ವಿಜಯಪುರದಲ್ಲಿ, ದೇವನಹಳ್ಳಿಯಿಂದ ಆಚೆಗೆ. ತವರುಮನೆಯ ಹಿತ್ತಿಲಲ್ಲಿ ನಿಂತರೆ ಬೆಟ್ಟ ಕಣ್ಣಿಗೆ ಹೊಡೆಯುತ್ತಿತ್ತು. ಮದುವೆಯಾಗಿ ಯಲಹಂಕಕ್ಕೆ ಬಂದರೆ ಇಲ್ಲಿಯೂ ಮೋಡವಿಲ್ಲದ ಬೆಳಗ್ಗೆ ತಾರಸಿ ಹತ್ತಿದರೆ ಅದೇ ಬೆಟ್ಟ, ತುಸು ತೆಳ್ಳಗೆ, ತುಸು ನೀಲಿಯಾಗಿ. ಎತ್ತ ಹೋದರೂ ಎದುರಿಗೆ ನಿಲ್ಲುವ ಇದನ್ನು ಸಾಯುವ ಮುಂಚೆ ಒಮ್ಮೆ ಹತ್ತಿ ನೋಡಬೇಕು ಎನ್ನುವುದು ಅವಳ ಆಸೆ. ಒಡವೆ ಕೇಳಿದವಳಲ್ಲ, ಸಿನಿಮಾ ಕೇಳಿದವಳಲ್ಲ. ಇದೊಂದನ್ನು ಮಾತ್ರ ಪ್ರತಿ ವರ್ಷ ಕೇಳುತ್ತಿದ್ದಳು.

ಅವರ ಮನೆಮಾತು ದಖನಿ ಉರ್ದು, ಇಲ್ಲಿ ಕನ್ನಡದಲ್ಲೇ ಹೇಳಿಬಿಡುತ್ತೇನೆ.

"ಮಲ್ಕಾ ಅಬ್ಬಾ, ಈ ಸಲ ನಾನೂ ಬರ್ತೀನಿ."

"ಹುಡುಗ್ರ ಮಧ್ಯೆ ನೀನು ಎಲ್ಲಿ ಕೂತ್ಕೋತೀಯ?"

"ಸರಿ, ಬೇರೆ ದಿನ ನಾವು ನಾವೇ ಹೋಗೋಣ."

"ಏನಿದೆ ಅಲ್ಲಿ ನೋಡೋಕೆ? ಕಲ್ಲು, ಮಂಜು. ಮುಂದಿನ ಸಲ ನೋಡೋಣ ಬಿಡು."

ಹೀಗೆಂದವನೇ ಅದೇ ರಾತ್ರಿ ಊಟಕ್ಕೆ ಕೂತರೆ ಕರ್ಚೀಫಿನ ಕಥೆ, ಸರೋವರದ ಕಥೆ, ರಾಗಿಯ ಕಥೆ. ಬಣ್ಣಿಸುವಾಗ ಸ್ವರ್ಗ, ಕರೆದುಕೊಂಡು ಹೋಗು ಎಂದರೆ ಬರೀ ಕಲ್ಲು. ಕೊನೆಗೆ ಮಲ್ಕಾ ಕೂಡ ಶಾಲೆಯವರ ಜೊತೆ ಹೋಗಿ ಬಂದಳು. ಆ ದಿನ ಬದರುನ್ನೀಸಾ ಮಗಳ ಬುತ್ತಿ ಕಟ್ಟಿಕೊಟ್ಟು, ತಾರಸಿಗೆ ಹೋಗಿ, ಬೆಟ್ಟಕ್ಕೆ ಬೆನ್ನು ತಿರುಗಿಸಿ ಬಟ್ಟೆ ಒಣಹಾಕಿದಳು. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಮಗಳ ಮೇಲಾದರೇನು.

ಎಪ್ಪತ್ತೊಂಬತ್ತನೇ ಇಸವಿ, ಸಂಕ್ರಾಂತಿ ಕಳೆದ ವಾರ. ಮಲ್ಲೇಶ್ವರದ ಕಡೆಯ ಒಂದು ಕಾಲೇಜಿನ ಹುಡುಗರು, ಅವರ ಜೊತೆ ಚರಿತ್ರೆ ಪಾಠ ಮಾಡುವ ಮುರಿಗೆಪ್ಪ ಮೇಷ್ಟ್ರು. ಆ ಸಲ ಬಿರಿಯಾನಿಯ ಗಿರಾಕಿಗಳು ಹೆಚ್ಚು ಎಂದು ಮೇಷ್ಟ್ರು ಹಿಂದಿನ ಸಂಜೆ ಹೇಳಿ ಕಳಿಸಿದರು. ಒಂದು ಡೇಗ್ಚಿಯಲ್ಲಿ ಹಿಡಿಸದೆ ಬದರುನ್ನೀಸಾ ಎರಡು ಇಟ್ಟಳು. ಗಂಡನಿಗೆ ಹೇಳೋಣವೆಂದರೆ ಅವನು ವ್ಯಾನಿನ ಬ್ರೇಕು ತೋರಿಸಲು ಮೆಕ್ಯಾನಿಕ್ಕಿನ ಹತ್ತಿರ ಹೋಗಿದ್ದ, ನಡುರಾತ್ರಿ ಬಂದವನೇ ಮಲಗಿಬಿಟ್ಟ.

ಬಿರಿಯಾನಿ ದಮ್ಮಿಗಿಟ್ಟಾಗ ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಮುಚ್ಚಳದ ಮೇಲೂ ಕೆಂಡ ಹಾಕುತ್ತಾರೆ. ಬೆಳಗಿನ ಜಾವ ಬದರುನ್ನೀಸಾ ಕೆಂಡ ಕೊಡವಿ, ಬಿಸಿ ಎಷ್ಟಿದೆ ನೋಡಲು ಒಂದರ ಮುಚ್ಚಳದ ಮೇಲಿನ ಬೂದಿಯನ್ನು ಒದ್ದೆಯಾದ ಮೂರು ಬೆರಳಿನಿಂದ ಅಡ್ಡಡ್ಡ ಸವರಿದಳು. ಸುಟ್ಟಿತು, ಕೈ ತೆಗೆದಳು. ಎರಡೂ ಡೇಗ್ಚಿಗಳನ್ನು ಜಗಲಿಯ ಮೇಲಿಟ್ಟು ನಮಾಜಿಗೆ ಒಳಗೆ ಹೋದಳು. ಆಚೆ ಮನೆಯಲ್ಲಿ ಗಂಗರತ್ನಮ್ಮ ಇನ್ನೂ ಲಿಂಗಪೂಜೆಗೆ ಕೂತಿದ್ದಳು. ಇಬ್ಬರೂ ದೇವರ ಮುಂದಿದ್ದ ಆ ಹೊತ್ತಿಗೆ ಸರಿಯಾಗಿ, ಹೊತ್ತಾಯಿತೆಂದು ಗಡಿಬಿಡಿಯಲ್ಲಿದ್ದ ಗಯಾಸ್ ಜಗಲಿಗೆ ಬಂದ. ಮಬ್ಬುಗತ್ತಲು. ಎರಡು ಪಾತ್ರೆ. ಒಂದರ ಮುಚ್ಚಳದ ಮೇಲೆ ಬೆಳ್ಳಗೆ ಮೂರು ಗೀಟು. ಅದನ್ನು ಭಕ್ತಿಯಿಂದ ಎತ್ತಿ ಮುಂದಿನ ಸೀಟಿನಲ್ಲಿಟ್ಟ, ಇನ್ನೊಂದನ್ನು ಹಿಂದೆ ಹಾಕಿದ, ಎರಡು ಸಲ ಹಾರ್ನು ಹೊಡೆದು ಹೊರಟೇಹೋದ.

ಸ್ವಲ್ಪ ಹೊತ್ತಿಗೆ ಗಂಗರತ್ನಮ್ಮ ತನ್ನ ಪಾತ್ರೆ ಹೊತ್ತು ಹೊರಗೆ ಬಂದಳು. ವ್ಯಾನಿಲ್ಲ.

"ಬದ್ರಮ್ಮಾ! ಏ ಬದ್ರಮ್ಮಾ! ಸಾಬ್ರು ಹೊಂಟೋದ್ರಾ? ನನ್ ಪಾತ್ರೆ ಇಲ್ಲೇ ಐತಲ್ಲೇ!"

ಬದರುನ್ನೀಸಾ ಓಡಿ ಬಂದಳು. ಜಗಲಿಯ ಮೇಲೆ ತನ್ನ ಡೇಗ್ಚಿಗಳು ಎರಡೂ ಇಲ್ಲ. ತನ್ನ ಬೆರಳ ತುದಿ ನೋಡಿಕೊಂಡಳು, ಬೂದಿ ಸವರುವಾಗ ಸುಟ್ಟದ್ದು ಇನ್ನೂ ಕೆಂಪಗಿತ್ತು. ಎಲ್ಲ ಅರ್ಥವಾಯಿತು.

"ಗಂಗಕ್ಕಾ, ನನ್ನ ಬೂದೀನ ನಿಮ್ಮ ವಿಭೂತಿ ಅಂದ್ಕೊಂಡ್ಬಿಟ್ಟಿದ್ದಾರೆ."

"ಅಯ್ಯೋ ಶಿವನೇ! ಆ ಮುರಿಗೆಪ್ಪ ಮೇಷ್ಟ್ರು ಮೊಟ್ಟೆ ಒಡೆದ ಮನೇಲಿ ನೀರೂ ಕುಡಿಯಲ್ಲ ಕಣೇ. ಮುಂದಿನ ಸೀಟಿನ ಪಾತ್ರೆ ಅಂತ ನಂಬ್ಕೊಂಡು ತಟ್ಟೆ ಒಡ್ಡಿದ್ರೆ? ಇಂಗಾದ್ರೆ ಎಂಗೆ? ನನ್ ಮುಖ ಎಲ್ಲಿಡ್ಲಿ, ನಿನ್ ಗಂಡನ ಮುಖ ಎಲ್ಲಿಡಾನ?"

ಕೋಟೆ, ಗುಡಿ ಮುಗಿಸಿ ಬೆಟ್ಟ ಹತ್ತುವಾಗ ಹೊತ್ತು ನೆತ್ತಿಗೇರಿರುತ್ತದೆ, ಪಾತ್ರೆ ತೆಗೆಯುವುದು ಅಲ್ಲಿಯೇ. ಇದು ಬದರುನ್ನೀಸಾಳಿಗೆ ಬಾಯಿಪಾಠ. ಅಂದರೆ ಮಧ್ಯಾಹ್ನದೊಳಗೆ ಯಾರಾದರೂ ಬೆಟ್ಟ ಮುಟ್ಟಬೇಕು. ಬೀದಿಯ ಗಂಡಸರೆಲ್ಲ ಕೆಲಸಕ್ಕೆ ಹೊರಡುವ ಹೊತ್ತು.

"ನಡಿ, ನಾವೇ ಹೋಗಾನ" ಎಂದಳು ಗಂಗರತ್ನಮ್ಮ.

"ಅವ್ರನ್ನ ಕೇಳ್ದೆ ಹೆಂಗೆ ಅಕ್ಕಾ?"

"ಕೇಳಕ್ಕೆ ಅವರು ಇಲ್ಲಿ ಇದ್ರಲ್ಲವಾ ಕೇಳೋದು!"

ಬದರುನ್ನೀಸಾ ಮಲ್ಕಾಳ ಕೈಗೆ ಬೀಗದಕೈ ಕೊಟ್ಟು ಶಾಲೆಗೆ ಅಟ್ಟಿದಳು, ಬುರ್ಖಾ ಹಾಕಿಕೊಂಡಳು. ಮೇಷ್ಟ್ರ ತಟ್ಟೆ ನೆನೆದರೆ ಭಯ. ಅದರ ಅಡಿಯಲ್ಲೇ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಖುಷಿ.

ಬಸ್‌ಸ್ಟ್ಯಾಂಡಿನವರೆಗೆ ಗಂಗರತ್ನಮ್ಮ ಪಾತ್ರೆಯನ್ನು ಸಿಂಬೆಯ ಮೇಲೆ ತಾನೇ ಹೊತ್ತಳು. ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ತಾನೇ ತೊಡೆಯ ಮೇಲಿಟ್ಟುಕೊಂಡಳು. ನಂದಿ ಕ್ರಾಸಿನಲ್ಲಿ ಇಳಿಯುವಷ್ಟರಲ್ಲಿ ತೊಡೆ ಮರಗಟ್ಟಿ, "ಒಂದ್ ಕಡೆ ನೀನೂ ಇಡ್ಕಳೇ, ದಾರೀಲಿ ಮಡಿಗೆ ರಜ" ಎಂದಳು. ಅಲ್ಲಿಂದ ಮುಂದಕ್ಕೆ ಕೂಡಲೇ ಬಸ್ಸಿಲ್ಲ. ಚಹಾದಂಗಡಿಯ ಮುಂದೆ ತೋಟಗಾರಿಕೆಯವರ ಲಾರಿಯೊಂದು ನಿಂತಿತ್ತು, ಬೆಟ್ಟದ ಮೇಲಿನ ತೋಟಕ್ಕೆ ಗೊಬ್ಬರ ಒಯ್ಯುವಂಥದ್ದು. ಗಂಗರತ್ನಮ್ಮ ಡ್ರೈವರನನ್ನು ಏನಪ್ಪ, ಎಂತಪ್ಪ ಎಂದು ಮಾತಿಗೆಳೆದು, ಎರಡು ನಿಮಿಷದಲ್ಲಿ ಅವನ ಅಜ್ಜಿಯ ಊರು ಕೇಳಿ, ಅದು ತನ್ನ ದೊಡ್ಡಮ್ಮನ ಊರಿನ ಪಕ್ಕದ್ದೆಂದು ಸಾಧಿಸಿ, ಪಾತ್ರೆ ಸಮೇತ ಇಬ್ಬರಿಗೂ ಮುಂದೆ ಜಾಗ ಮಾಡಿಸಿದಳು.

ಬೆಟ್ಟದ ದಾರಿ ಸುತ್ತತೊಡಗಿತು. ಗಂಗರತ್ನಮ್ಮ ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತಿದ್ದರೆ ಬದರುನ್ನೀಸಾ ಮುಖದ ಪರದೆ ಹಿಂದಕ್ಕೆ ಸರಿಸಿ ಕಿಟಕಿಗೆ ಅಂಟಿಕೊಂಡಳು. ಪ್ರತಿ ತಿರುವಿಗೂ ಭೂಮಿ ಇನ್ನಷ್ಟು ಕೆಳಗೆ ಹೋಗುತ್ತಿತ್ತು. ಪಾತ್ರೆಯ ಚಿಂತೆ ಅರ್ಧ ದಾರಿಯಲ್ಲೆಲ್ಲೋ ಮರೆತೇಹೋಯಿತು. ಅದಕ್ಕಾಗಿ ಅವಳನ್ನು ಯಾರೂ ಬೈಯಬಾರದು.

ಮೇಲೆ ಲಾರಿ ನಿಂತಾಗ ದೂರದ ಮರದಡಿ ಮಗಳ ಹೆಸರಿನ ವ್ಯಾನು ಕಾಣಿಸಿತು. ಹುಡುಗರಿನ್ನೂ ತಿರುಗಾಟ ಮುಗಿಸಿರಲಿಲ್ಲ. ಆದರೆ ಹಸಿವು ತಾಳದ ಮುರಿಗೆಪ್ಪ ಮೇಷ್ಟ್ರೊಬ್ಬರೇ ಮೊದಲು ಬಂದು ತಟ್ಟೆ ಹಿಡಿದು ನಿಂತಿದ್ದರು. ಗಯಾಸ್ ಮುಂದಿನ ಸೀಟಿನ ಪಾತ್ರೆಯನ್ನು ಇಳಿಸಿ, ಹಗ್ಗ ಬಿಚ್ಚಿ, ಮುಚ್ಚಳಕ್ಕೆ ಕೈ ಹಾಕಿದ್ದ.

ಮದುವೆಯಾದಂದಿನಿಂದ ಬದರುನ್ನೀಸಾ ಗಂಡನ ಹೆಸರು ಹಿಡಿದು ಕರೆದವಳಲ್ಲ. ಅವರಲ್ಲಿ ಅದು ಪದ್ಧತಿಯಲ್ಲ. ಮಲ್ಕಾ ಹುಟ್ಟುವವರೆಗೆ "ಸುನೋ ಜೀ", ಹುಟ್ಟಿದ ಮೇಲೆ "ಮಲ್ಕಾ ಅಬ್ಬಾ". ಈಗಲೂ ಅದನ್ನೇ ಕೂಗಿದಳು. ಗಾಳಿ ಅದನ್ನು ಎತ್ತಿಕೊಂಡು ಎಲ್ಲಿಗೋ ಹೋಯಿತು. ಗಯಾಸ್ ಬಿಗಿಯಾಗಿ ಕೂತ ಮುಚ್ಚಳ ಸಡಿಲಿಸಲು ಅದನ್ನು ತಟ್ಟುತ್ತಿದ್ದ.

"ಗಯಾಸ್!" ಎಂದು ಕಿರುಚಿದಳು. "ಏ ಗಯಾಸ್! ತೆಗೀಬೇಡಿ!"

ಅವನು ಬೆಚ್ಚಿಬಿದ್ದು ತಿರುಗಿದ. ಗೊಬ್ಬರದ ಲಾರಿಯ ಮುಂದೆ, ನಂದಿಬೆಟ್ಟದ ಮೇಲೆ, ಅವನ ಹೆಂಡತಿ. ಪಕ್ಕದಲ್ಲಿ ಪಾತ್ರೆಯನ್ನು ಸೊಂಟಕ್ಕಿಟ್ಟುಕೊಂಡ ಗಂಗರತ್ನಮ್ಮ. ಆ ಪಾತ್ರೆಯ ಮುಚ್ಚಳದ ಮೇಲೆ ಮೂರು ಗೀಟು. ಕೆಳಗೆ ತನ್ನ ಕೈಯಡಿಯಲ್ಲಿದ್ದ ಮುಚ್ಚಳ ನೋಡಿದ, ಅಲ್ಲಿಯೂ ಮೂರು ಗೀಟು. ಹಿಟ್ಟು ಮೆತ್ತಿದ್ದು ಆಗ ಕಣ್ಣಿಗೆ ಬಿತ್ತು. ಮುಚ್ಚಳದಿಂದ ಕೈ ಹಿಂದಕ್ಕೆಳೆದುಕೊಂಡ.

ಗಂಗರತ್ನಮ್ಮ ಬಿರಬಿರನೆ ಬಂದು ಪಾತ್ರೆ ಇಳಿಸಿ ಮೇಷ್ಟ್ರ ತಟ್ಟೆಗೆ ವಾಂಗೀಬಾತು ಬಡಿಸಿಯೇಬಿಟ್ಟಳು. ಆಮೇಲೆ ನಡೆದದ್ದನ್ನು ಹೇಳಿದಳು. ಮೇಷ್ಟ್ರು ಮೊದಲ ತುತ್ತು ಕೈಯಲ್ಲಿ ಹಿಡಿದು ಎರಡು ಮುಚ್ಚಳಗಳನ್ನೂ ನೋಡಿ, "ಬಿಡಿ ಸಾಬ್ರೇ, ಕತ್ತಲಲ್ಲಿ ನಾನಾಗಿದ್ರೂ ಕೈ ಮುಗೀತಿದ್ದೆ" ಎಂದು ನಕ್ಕರು. ಅಲ್ಲಿಗೆ ಆ ಗಂಡಾಂತರ ಕಳೆಯಿತು.

ಹುಡುಗರು ಬಂದು ಉಂಡರು. ಎರಡನೇ ಸಲ ಹಾಕಿಸಿಕೊಂಡರು, ಮತ್ತೆ ಚೆಂಡು ಎತ್ತಿಕೊಂಡು ಓಡಿದರು. ಬದರುನ್ನೀಸಾ ಕೈ ತೊಳೆದು ಗಂಡನ ಮುಂದೆ ನಿಂತಳು.

"ಬಂದಾಯ್ತಲ್ಲ. ನಡೀರಿ, ಆ ಕರ್ಚೀಫಿನ ಜಾಗ ತೋರಿಸಿ."

ಗಯಾಸ್ ಎದ್ದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ತಲೆ ಕೆರೆದುಕೊಂಡ. "ಆ ಕಡೆ ಇರ್ಬೇಕು" ಎಂದ. ಎರಡು ಹೆಜ್ಜೆ ಹಾಕಿ ನಿಂತ.

"ಇರ್ಬೇಕು ಅಂದ್ರೆ?"

ಅವನು ವ್ಯಾನಿಗೆ ಒರಗಿಸಿಟ್ಟ ಉದ್ದನೆಯ ಬಿದಿರುಕೋಲನ್ನು ಸುಮ್ಮನೆ ಎತ್ತಿಕೊಂಡ. ಮೇಲಿನ ಕೊಂಬೆಯಲ್ಲಿ ಕೋತಿಗಳ ಒಂದು ಸಂಸಾರವೇ ಕೂತು ಪಾತ್ರೆಗಳ ಮೇಲೆ ಕಣ್ಣಿಟ್ಟಿತ್ತು. ಅವುಗಳಲ್ಲಿ ಒಂದು ಮುದಿ ಕೋತಿ ಗಯಾಸನನ್ನು ಹಳೇ ಪರಿಚಯದವನ ಹಾಗೆ ನೋಡುತ್ತಿತ್ತು.

"ಪಾತ್ರೆ ಬಿಟ್ಟು ಎಲ್ಲಿಗೆ ಹೋಗ್ಲಿ?" ಎಂದ ಕೊನೆಗೆ. "ಮೊದಲ್ನೇ ಟ್ರಿಪ್ಪಲ್ಲೇ ಇವು ನಿನ್ನ ಬಿರಿಯಾನಿ ಅರ್ಧ ಚೆಲ್ಲಿದ್ವು. ಅವತ್ತಿಂದ ನಾನು ಈ ಮರ ಬಿಟ್ಟು ಕದಲಿಲ್ಲ. ಊಟ ಆಗೋವರೆಗೆ ಪಾತ್ರೆ ಕಾಯೋದು, ಊಟ ಆದ್ಮೇಲೆ ಹುಡುಗ್ರ ಬ್ಯಾಗು, ಚಪ್ಪಲಿ, ರೇಡಿಯೋ ಕಾಯೋದು."

"ಮತ್ತೆ ಸರೋವರ? ಆ ರಾಗಿ ಹರಡಿದ ಹಾಗೆ ಊರು?"

"ಹುಡುಗ್ರು ಬಂದು ಮಾತಾಡ್ಕೋತಾರಲ್ಲ. ಕೇಳಿದ್ದನ್ನ ನಿನಗೆ ಹೇಳ್ತಿದ್ದೆ." ಅವನು ತಲೆ ತಗ್ಗಿಸಿದ. "ನಿನ್ನ ಕರ್ಕೊಂಡು ಬಂದ್ರೆ ತೋರಿಸು ಅಂತೀಯ. ಎಲ್ಲಿಂದ ತೋರಿಸ್ಲಿ? ಇಷ್ಟು ವರ್ಷ ಹೇಳಿ ಹೇಳಿ, ನಾನೂ ನೋಡಿಲ್ಲ ಅಂತ ಹೆಂಗೆ ಹೇಳ್ಲಿ? ಅದಕ್ಕೇ ಮುಂದಿನ ಸಲ, ಮುಂದಿನ ಸಲ ಅಂತಿದ್ದೆ."

ಬದರುನ್ನೀಸಾಳಿಗೆ ಸಿಟ್ಟು ಬರಬೇಕಿತ್ತು, ಬಂದರೆ ನ್ಯಾಯವೂ ಆಗುತ್ತಿತ್ತು. ಆದರೆ ಎದುರಿಗೆ ಕೋಲು ಹಿಡಿದು ನಿಂತವನನ್ನು ನೋಡಿದಳು. ಬೆಟ್ಟದ ನೆತ್ತಿಗೆ ಬಂದೂ ಬಂದೂ ಬೆಟ್ಟ ನೋಡದವನು, ತಾನು ಮಾಡಿಕೊಟ್ಟ ಅನ್ನ ಕಾಯುತ್ತ ಕೂತವನು. ತಾನಾದರೂ ತಾರಸಿಯಿಂದ ಈ ಬೆಟ್ಟ ನೋಡುತ್ತಿದ್ದಳು, ಪಾಪ ಇವನು ಅದನ್ನೂ ನೋಡಲಿಲ್ಲ. ಅಯ್ಯೋ ಅನ್ನಿಸಿತು. ಅನ್ನಿಸಿದ್ದೇ ನಗು ಬಂತು. ಬುರ್ಖಾದ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಗಂಗರತ್ನಮ್ಮ ಗಯಾಸನ ಕೈಯಿಂದ ಕೋಲು ಕಿತ್ತುಕೊಂಡಳು. "ಕೋತಿಗಳ್ನ ನಾನ್ ನೋಡ್ಕೋತೀನಿ. ಇವಕ್ಕಿಂತ ದೊಡ್ಡವನ್ನ ಸಾಕಿ ಮದ್ವೆ ಮಾಡಿವ್ನಿ. ನೀವಿಬ್ರೂ ಓಗಿ ಬನ್ನಿ. ಆಮೇಲೆ ನನಗೆ ಯೋಗನಂದೀಶ್ವರನ ದರ್ಶನ ಆಗ್ಬೇಕು, ಬೇಗ ಬರ್ಬೇಕು."

ಗಂಡ ಹೆಂಡತಿ ಹೊರಟರು. ದಾರಿ ತೋರಿಸಿದವಳು ಬದರುನ್ನೀಸಾಳೇ. ಸರೋವರ ಎಲ್ಲಿ ಎಂದು ಹೂವಿನ ಪಾತಿ ಅಗೆಯುತ್ತಿದ್ದ ತೋಟದ ಮಾಲಿಯನ್ನು ಕೇಳಿದ್ದೂ ಅವಳೇ, ಗಯಾಸ್ ಕೇಳಲು ನಾಚಿಕೊಂಡ. ನೀರು ಗಿಣಿಹಸಿರೇ ಆಗಿತ್ತು. "ನೋಡಿದ್ಯಾ, ನಾನು ಹೇಳಿರ್ಲಿಲ್ವಾ?" ಎಂದು ಅವನು ಎಂದಿನ ಗತ್ತಿಗೆ ಮರಳಿದ. ಕೋಟೆಯ ಗೋಡೆಯ ಬಳಿ ನಿಂತಾಗ ಕೆಳಗೆ ಕೆರೆಗಳು, ಹೊಲಗಳು, ಊರುಗಳು. ರಾಗಿಯ ಹಾಗೆ ಇರಲಿಲ್ಲ. ಯಾರೋ ಬಟ್ಟೆ ಒಗೆದು ಬಂಡೆಗಳ ಮೇಲೆ ಹರಡಿದ ಹಾಗಿತ್ತು. ದೂರದಲ್ಲೊಂದು ಕೆರೆ, ಅದರ ಪಕ್ಕ ಬಿಳಿಯ ಚುಕ್ಕೆ. ಅದು ವಿಜಯಪುರದ ಮಸೀದಿಯೇ ಎಂದು ಬದರುನ್ನೀಸಾ ತೀರ್ಮಾನಿಸಿದಳು. ಹೌದೋ ಅಲ್ಲವೋ, ಅಲ್ಲ ಎನ್ನಲು ಅಲ್ಲಿ ಯಾರಿದ್ದರು? ಅಲ್ಲಿಯ ಹಿತ್ತಿಲಲ್ಲಿ ನಿಂತು ಲಂಗದ ಹುಡುಗಿಯೊಬ್ಬಳು ಇತ್ತ ನೋಡುತ್ತಿರಬಹುದು ಅನ್ನಿಸಿ ಅವಳು ಕೈ ಬೀಸಿಯೂಬಿಟ್ಟಳು.

ಟಿಪ್ಪು ಡ್ರಾಪಿನ ಕಟಾಂಜನದ ಹತ್ತಿರ ಗಾಳಿ ಬುರ್ಖಾವನ್ನು ಪಟಪಟ ಬಡಿಯುತ್ತಿತ್ತು. ಗಯಾಸ್ ಜೇಬಿನಿಂದ ಕರ್ಚೀಫು ತೆಗೆದ. ಹನ್ನೆರಡು ವರ್ಷ ಹೇಳಿದ ಮಾತು ಈಗ ಪರೀಕ್ಷೆಗೆ ಕೂರಬೇಕಲ್ಲ. ಉಂಡೆ ಮಾಡಿ ಎಸೆದ. ಕರ್ಚೀಫು ಬಿಚ್ಚಿಕೊಂಡಿತು, ಒಮ್ಮೆ ಮೇಲೆದ್ದಿತು. "ಬಂತು, ಬಂತು" ಎಂದ. ಇನ್ನೇನು ಬರಬೇಕು, ಪಕ್ಕಕ್ಕೆ ವಾಲಿ, ಬಂಡೆಯ ಮರೆಗೆ ಇಳಿದು, ಹೋಗಿಯೇಹೋಯಿತು. ಇಬ್ಬರೂ ಬಗ್ಗಿ ಎಷ್ಟೋ ಹೊತ್ತು ನೋಡಿದರು.

"ಇವತ್ತು ಗಾಳಿ ಕಮ್ಮಿ" ಎಂದ ಗಯಾಸ್ ಮೆತ್ತಗೆ.

"ಹೂಂ" ಎಂದಳು.

ವ್ಯಾನಿನ ಕಡೆ ಹಿಂದಿರುಗುವಾಗ ಅವನು ಅತ್ತಿತ್ತ ನೋಡಿ, "ಆಗ ಹೆಸರು ಹಿಡಿದು ಕರೆದ್ಯಲ್ಲ, ಇನ್ನೊಂದ್ಸಲ ಕರಿ" ಎಂದ. "ಹೋಗ್ರಿ, ನಿಮಗೆ ವಯಸ್ಸಾಯ್ತು" ಎಂದು ಅವಳು ಮುಂದೆ ನಡೆದುಬಿಟ್ಟಳು.

ಆಮೇಲಿನ ವರ್ಷಗಳಲ್ಲಿ ಗಯಾಸ್ ವ್ಯಾನಿನ ಹಿಂದೆ ಪಾತ್ರೆಗಳಿಗೆಂದು ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆ ಮಾಡಿಸಿದ, ಕೋತಿಗಳಿಗೆ ಕೈಕೊಟ್ಟು ಹುಡುಗರ ಜೊತೆ ತಾನೂ ತಿರುಗಿದ. ಗಂಗರತ್ನಮ್ಮ ವಿಭೂತಿಯ ಜೊತೆ ಒಂದು ಕುಂಕುಮದ ಬೊಟ್ಟನ್ನೂ ಇಡತೊಡಗಿದಳು. ವರ್ಷಕ್ಕೊಮ್ಮೆ ಮೂವರೂ ಬೆಟ್ಟಕ್ಕೆ ಹೋಗುವುದು ವಾಡಿಕೆಯಾಯಿತು. ವ್ಯಾನು ಮಾರಿದ ಮೇಲೂ ಅದು ನಿಲ್ಲಲಿಲ್ಲ, ಬಸ್ಸಿತ್ತಲ್ಲ.

ಆ ಮೊದಲ ಸಲದ ಸಂಜೆ, ಮನೆಗೆ ಬಂದು ಊಟಕ್ಕೆ ಕೂತಾಗ, ಮಲ್ಕಾ ತಟ್ಟೆ ಮುಟ್ಟದೆ ಅಮ್ಮನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಅಮ್ಮೀ, ನಮ್ಮ ಟೀಚರ್ ಎಸೆದಾಗ ಬರ್ಲಿಲ್ಲ. ಅಬ್ಬಾ ಬರೀ ಸುಳ್ಳು ಹೇಳ್ತಾರೆ ಅಂತ ಎಲ್ರೂ ನಕ್ರು. ನಿಜ ಹೇಳು, ಕರ್ಚೀಫು ವಾಪಸ್ ಬಂತಾ?"

ಗಯಾಸ್ ಕಲಸುತ್ತಿದ್ದ ಅನ್ನದಲ್ಲೇ ಕೈ ನಿಲ್ಲಿಸಿದ. ಮಗಳ ಮುಖ ನೋಡಲಿಲ್ಲ, ಹೆಂಡತಿಯ ಮುಖವನ್ನೂ ನೋಡಲಿಲ್ಲ.

ಬದರುನ್ನೀಸಾ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

"ಬಂತು" ಎಂದಳು. "ನಿಮ್ಮಬ್ಬಾ ಹೇಳ್ತಿದ್ರಲ್ಲ, ಹಾಗೇ. ನೇರ ಅವರ ಕೈಗೇ ಬಂತು."